ಆಫೀಸಿನ ಗ್ವಾಡಿಗೆ ಹೊಡೆದ ತೂತು

ಚೌಡೇಶಣ್ಣಾ,

ಕಂಪ್ಯೂಟರ್ ತರಾಕ ಕಲಬುರಗಿಗೆ ಹೊಂಟೀನಿ. ನೀ ಹೇಳಿದಂಗ ನಿನ್ನ ಟೇಬಲ್ ಮ್ಯಾಲ ಇಡಾಕ ದೊಡ್ಡದೊಂದು ಅಲ್ಲ, ಸಾದಾ ಎರಡು ತರತೀನಿ. ಒಂದು ಆಫೀಸಿನಾಗ ನಿನಗ, ಒಂದು ಹೊರಗ ಲಾರಿಗೆ ಕಲ್ಲು ತುಂಬಸೋ ನನಗ. ನಡುವ ವಾಯರ್.

"ಅಂಗಳದಾಗ ನಿಲ್ಲುವಾಕಿಗೆ ಕಂಪ್ಯೂಟರ್ ಯಾಕ ಬೇಕು?" ಅಂದಿ. ಹೋದ ವಾರ ನೀ ಒಳಗ ಕುಂತು ತೆಂಗಳಿ ಗುಡಿಯವರಿಗೆ ಮಾರಿದ ನೀಲಿ ಫರಸಿ ಕಲ್ಲನ್ನೇ ನಾ ಹೊರಗ ಚಿಂಚೋಳಿಯವರ ಲಾರಿಗೆ ಏರಿಸಿದ್ನಿ. ಗುಡಿಯವರ ಕಡಿಂದ ಬೈಸ್ಕೊಂಡಾಕಿ ನಾ. ಇನ್ನ ನೀ ಮಾರಿದ್ದು ಕೂಡ್ಲೇ ನನಗ ಕಾಣಬೇಕು, ನಾ ಏರಿಸಿದ್ದು ನಿನಗ.

ಹೊರಗಿಟ್ರ ಕಲ್ಲಿನ ಧೂಳು ಹತ್ತತದ ಅನಬ್ಯಾಡ, ಗಾಜಿನ ಕಪಾಟ ಮಾಡಿಸೀನಿ. ಹಳೇ ಕಂಪ್ಯೂಟರ್ ಕೆಟ್ಟಿದ್ದೂ ಧೂಳಿಗಲ್ಲ. ಕಲ್ಲು ಕೊಯ್ಯೋ ಮಶೀನಿಗೆ ಒಡದಂಗ ಆಯುಧ ಪೂಜಿ ದಿನ ನೀ ಅದರ ಮ್ಯಾಲೂ ಟೆಂಗಿನಕಾಯಿ ಒಡದಿ, ಆ ನೀರಿಗೆ ಕೆಟ್ಟಿತು.

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ. ಸಿಟ್ಟಿನಾಗ ಊಟ ಬಿಡಬ್ಯಾಡ, ನಿನಗ ಶುಗರ್ ಅದ.

ವಾಯರ್ ಹಾಯಿಸಾಕ ಆಫೀಸಿನ ಗ್ವಾಡಿಗೆ ಮುಂಜಾನಿ ನಾನೇ ತೂತು ಹೊಡದೀನಿ. ಸಿಮೆಂಟ್ ಕಲಸಾಕ ಹೋಗಬ್ಯಾಡ. ತೂತು ಮುಚ್ಚಿದಿ ಅಂದ್ರ ನಾಳಿ ಗ್ವಾಡಿನೇ ಕೆಡವತೀನಿ.

ಚಂದ್ರಕಲಾ