ವಾಲ್ಚೊಗೆ ಹೇಳಿದ್ದು

ದ್ರೆನೊವ್ ದೊಲ್
ನವೆಂಬರ್ ೧೪, ಗುರುವಾರ

ಪ್ರೀತಿಯ ದೆನಿ,

‘ಹಾಡಿ ಮುಗಿದ ಮೇಲೆ ಹಾಡು ಗಾಳಿಯದು.’ ಆ ಸಾಲು ನಿಜಕ್ಕೂ ಹೀಗೆಯೇ ಇತ್ತೇ? ನೀನು ಚಿಕ್ಕವಳಿದ್ದಾಗ ನಾನೇ ಹೇಳಿಕೊಟ್ಟದ್ದು, ಆದರೆ ಎಲ್ಲಿ ಓದಿದ್ದೆನೋ ಈಗ ನೆನಪಿಲ್ಲ. ಹಾಡು ಗಾಳಿಯದು ಎಂದಿತ್ತೋ, ಹಾಡು ಗಾಳಿಪಾಲು ಎಂದಿತ್ತೋ. ಒಂದರಲ್ಲಿ ಯಾರೋ ಕೊಟ್ಟಿದ್ದಾರೆ, ಇನ್ನೊಂದರಲ್ಲಿ ಯಾರೋ ಕಳೆದುಕೊಂಡಿದ್ದಾರೆ. ನೀನು ಮೊದಲನೆಯದನ್ನು ನಂಬಿ ನಿನ್ನ ಸಂಘದ ಕರಪತ್ರದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೀಯ. ಅದರ ಒಂದು ಕಟ್ಟು ನಮ್ಮ ಊರಿನ ಓದುಮನೆಯಲ್ಲಿ, ನನ್ನ ಮೇಜಿನ ಹಿಂದಿನ ಕಿಟಕಿಯ ಪಕ್ಕ ಹಾಗೇ ಉಳಿದಿದೆ.

ಸೋಮವಾರದ ಪುರಸಭೆಯ ಸಭೆಯ ಬಗ್ಗೆ ನಿನ್ನ ಸಂಘದ ಬೊಯಾನ್ ನಿನಗೆ ಫೋನಿನಲ್ಲಿ ಹೇಳಿದ್ದಾನೆ ಎಂದು ಗೊತ್ತು. ಹಳ್ಳಿಯ ಹೆಂಗಸರ ಮೂಢನಂಬಿಕೆಯಿಂದ ಎಲ್ಲ ಕೆಟ್ಟಿತು ಎಂದನಂತೆ. ಅವನು ಸುಳ್ಳು ಹೇಳುವ ಹುಡುಗನಲ್ಲ. ಆದರೆ ಅವನು ವೇದಿಕೆಯ ಮೇಲಿದ್ದ, ನಾನು ಹಿಂದಿನ ಸಾಲಿನಲ್ಲಿದ್ದೆ. ಎರಡು ಕಡೆಯಿಂದ ಒಂದೇ ಸಭೆ ಕಾಣುವುದಿಲ್ಲ.

ಅವನು ನಿನ್ನ ನಿರ್ಣಯದ ಕರಡನ್ನು ಚೆನ್ನಾಗಿಯೇ ವಿವರಿಸಿದ. ಓದುಮನೆಯ ಬೀರುವಿನಲ್ಲಿರುವ ಟೇಪುಗಳು, ಫೋಟೋಗಳು, ಹಳೆಯ ಪತ್ರಿಕೆಗಳು ಎಲ್ಲ ಜನರ ಹಣದಿಂದ ಕೂಡಿಸಿದವು, ಆದ್ದರಿಂದ ಜನರಿಗೇ ಸೇರಬೇಕು. ಯಾರು ಬೇಕಾದರೂ ಕೇಳಬಹುದು, ನಕಲು ಮಾಡಬಹುದು, ಬದಲಿಸಿ ಬಳಸಬಹುದು, ಯಾರ ಅಪ್ಪಣೆಯೂ ಬೇಡ. ನಮ್ಮ ಪುರಸಭೆ ಒಪ್ಪಿದರೆ ಪ್ರಾಂತ್ಯದ ಮಿಕ್ಕ ಪುರಸಭೆಗಳೂ ಒಪ್ಪುತ್ತವೆ. ಮುಂದಿನ ಸಾಲಿನಲ್ಲಿ ನಮ್ಮ ಹಾಡುಗಾರ್ತಿಯರನ್ನು ಗೌರವದಿಂದ ಕೂರಿಸಿ ಕಾಫಿ ಕೊಟ್ಟಿದ್ದೆವು. ಅಧ್ಯಕ್ಷ ಹಾರಾಲಂಪಿ ಕೂಡ ತಲೆದೂಗುತ್ತಿದ್ದ. ಆಗ ಬೊಯಾನ್, ಇಷ್ಟು ವರ್ಷ ಬೀಗ ಹಾಕಿಟ್ಟದ್ದು ಏನೆಂದು ನೀವೇ ಕೇಳಿ ಎಂದು ಯಂತ್ರದ ಗುಂಡಿ ಒತ್ತಿದ.

ಅವನು ಆರಿಸಿದ್ದು ಅಳುಹಾಡು. ಎಲ್ಲ ಟೇಪುಗಳ ಪೈಕಿ ಅದರಲ್ಲೇ ಗೊರಗೊರ ಕಡಿಮೆ ಇತ್ತಂತೆ. ರಾಜಧಾನಿ ಸೋಫಿಯಾದಲ್ಲಿ ಹುಟ್ಟಿ ಬೆಳೆದವನು. ಹೆಣವಿಲ್ಲದ ಸೂರಿನ ಕೆಳಗೆ ಅಳುಹಾಡು ಎತ್ತಬಾರದು, ಎತ್ತಿದರೆ ಆ ಮನೆ ಹೆಣ ಕೇಳುತ್ತದೆ ಎಂಬುದು ಅವನಿಗೆ ಯಾರು ಹೇಳಬೇಕಿತ್ತು? ಹಿಂದೆ ಹಾಡು ಸಂಗ್ರಹಿಸಲು ಟೇಪು ಹಿಡಿದು ಬಂದ ವಿದ್ಯಾರ್ಥಿಗಳು ಎಷ್ಟು ಕಾಡಿದರೂ ನಮ್ಮ ಹೆಂಗಸರು ಅದನ್ನು ಮನೆಯೊಳಗೆ ಹಾಡಿ ತೋರಿಸುತ್ತಿರಲಿಲ್ಲ. ಹೊಲದ ಬದುವಿಗೆ ಕರೆದುಕೊಂಡು ಹೋಗಿ ನಾಲ್ಕು ಸಾಲು ಗುನುಗಿ, ಮೂರು ಸಲ ಉಗಿದು ವಾಪಸ್ಸು ಬರುತ್ತಿದ್ದರು.

ಹಾಡುಗಾರ್ತಿಯರಲ್ಲಿ ಮೊದಲು ಎದ್ದವಳು ಶಿನಾ ಅತ್ತೆ. ವೇದಿಕೆ ಹತ್ತಿ ಸದಸ್ಯರ ಮುಂದಿದ್ದ ಲೋಟಗಳ ನೀರನ್ನೆಲ್ಲ ಚೆಲ್ಲಿ, ಸಾವಿನ ಮನೆಯಲ್ಲಿ ಮಾಡುವ ಹಾಗೆ ಒಂದೊಂದನ್ನೂ ಬೋರಲು ಹಾಕಿದಳು. “ಅತ್ತೇ, ಕಾಗದ ಒದ್ದೆ ಆಯ್ತು!” ಎಂದು ಹಾರಾಲಂಪಿ ಕೂಗಿದ. “ಕಾಗದ ಒಣಗತ್ತೆ. ನೀನು ಏಳು, ಹೋಗಿ ಕೈ ತೊಳ್ಕೊ,” ಎಂದಳು. ಪುರಸಭೆಗೆ ಪುರಸಭೆಯೇ ಅಂಗಳದ ನಲ್ಲಿಯ ಮುಂದೆ ಸಾಲು ನಿಂತು ಕೈ ತೊಳೆಯಿತು. ಬೊಯಾನ್ ನನ್ನ ಹತ್ತಿರ ಬಂದು, “ಏನಾಯ್ತು, ಸೌಂಡ್ ಜಾಸ್ತಿ ಇಟ್ಬಿಟ್ನಾ?” ಎಂದು ಕೇಳಿದ.

ಎದ್ದೇಳದೆ ಕೂತಿದ್ದವಳು ಪಕ್ಕದ ಮನೆಯ ಸೆವ್ದಾ ಅಜ್ಜಿ ಒಬ್ಬಳೇ. ಅದು ಅವಳ ದನಿ.

ಅವಳ ಗಂಡ ವಾಲ್ಚೊ ಕಾಡಿನಲ್ಲಿ ಮರ ಕಡಿಯುವಾಗ ಅದರಡಿ ಸಿಕ್ಕಿ ಸತ್ತದ್ದು ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಆ ದಿನ ಹೆಣದ ಮುಂದೆ ಅವಳು ಅತ್ತದ್ದನ್ನು ವಿದ್ಯಾರ್ಥಿಯೊಬ್ಬ ಬಾಗಿಲ ಹಿಂದೆ ನಿಂತು ಟೇಪು ಮಾಡಿಕೊಂಡಿದ್ದಾನೆ. ಅವನು ಗಂಡನ ಕಡೆಯ ಯಾರೋ ಸಂಬಂಧಿಕ ಎಂದುಕೊಂಡು ಸೆವ್ದಾ ಅಜ್ಜಿ ಊಟಕ್ಕೂ ಕೂರಿಸಿದ್ದಳಂತೆ. ಟೇಪು ಇದೆಯೆಂಬುದೇ ಅವಳಿಗೆ ಸೋಮವಾರದವರೆಗೆ ಗೊತ್ತಿರಲಿಲ್ಲ.

ಮರುದಿನ ಅವಳು ಸತ್ತವರಿಗೆ ಮಾಡುವ ಹಾಗೆ ಗೋಧಿ ಬೇಯಿಸಿ, ಸಕ್ಕರೆ ಬೆರೆಸಿ, ಸಭೆಯಲ್ಲಿದ್ದವರಿಗೆಲ್ಲ ವಾಲ್ಚೊನ ಹೆಸರಿನಲ್ಲಿ ಹಂಚಿದಳು. “ಕರೆದ್ಮೇಲೆ ಬರಿಗೈಲಿ ವಾಪಸ್ ಕಳಿಸೋಕಾಗತ್ತಾ ಅವನ್ನ?” ಎಂದಳು. ಬೊಯಾನ್ ಎರಡು ಸಲ ಹಾಕಿಸಿಕೊಂಡು, ಇದನ್ನು ಮಾಡುವುದು ಹೇಗೆ ಎಂದು ಬೇರೆ ಕೇಳಿದ. “ಮದ್ವೆ ಆಗು ಮಗಾ, ನಿನ್ನ ಹೆಂಡ್ತಿಗೆ ಹೇಳ್ಕೊಡ್ತೀನಿ. ಅವಳಿಗೇ ಬೇಕಾಗೋದು,” ಎಂದಳು. ಅವನು ಥ್ಯಾಂಕ್ಸ್ ಹೇಳಿದ.

ಹಾರಾಲಂಪಿ ಅದೇ ಸಂಜೆ ಓದುಮನೆಗೆ ಬಂದಿದ್ದ. “ನಿನ್ನ ಮಗಳ ಕಾಗದ ನಂಗೆ ಅರ್ಥ ಆಗತ್ತೆ ಕಣಮ್ಮ. ಆದ್ರೆ ನಮ್ಮಮ್ಮ ನನ್ನನ್ನ ಮನೆಯೊಳಗೆ ಬಿಟ್ಕೊಳ್ತಿಲ್ಲ. ಸೆವ್ದಾ ಅಜ್ಜಿ ಹೂಂ ಅಂದ್ರೆ ಬರೋ ಸೋಮವಾರ ಮೊದಲು ಏಳೋದು ನನ್ನ ಕೈ. ಅನ್ನಲಿಲ್ಲ ಅಂದ್ರೆ ಇದು ಮೇಜಿನ ಮೇಲೇ ಬಿದ್ದಿರತ್ತೆ, ಮುಂದಿನ ಚುನಾವಣೆವರೆಗೂ.”

ನಾನು ಇದನ್ನು ತಿಳಿಸಿದ್ದಕ್ಕೆ ನೀನು ವಕೀಲರ ಅಭಿಪ್ರಾಯ ಕಳಿಸಿದೆ. ಟೇಪು ಓದುಮನೆಯದು, ಅಜ್ಜಿಯನ್ನು ಕೇಳುವ ಅಗತ್ಯವೇ ಇಲ್ಲ ಎಂದು ಅದರಲ್ಲಿದೆ. ಅದರ ಕೆಳಗೆ ನೀನೂ ಬರೆದಿದ್ದೀಯ: ಒಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಪ್ರತಿ ಓದುಮನೆಯ ನಿರ್ದೇಶಕ, ಪ್ರತಿಯೊಬ್ಬ ಫೋಟೋಗ್ರಾಫರನ ಮೊಮ್ಮಗ ಬಂದು ನಿಲ್ಲುತ್ತಾನೆ, ಬೀರುವಿಗೆ ಮತ್ತೆ ಬೀಗ ಬೀಳುತ್ತದೆ, ಅಮ್ಮ. ನೀನು ಹೇಳುವುದು ಸರಿ. ಆ ಬೀರುವಿನ ಜೊತೆ ಸಂಸಾರ ಮಾಡಿದವಳು ನಾನು. ಬೀಗದ ಕೈ ಒಬ್ಬ ನಿರ್ದೇಶಕನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹೋಗುವಷ್ಟರಲ್ಲಿ ಎಷ್ಟೋ ಟೇಪುಗಳಿಗೆ ಬೂಷ್ಟು ಹಿಡಿಯಿತು. ತನ್ನ ಅಜ್ಜಿಯ ಮದುವೆಹಾಡು ಕೇಳಬೇಕೆಂದು ಬಂದ ಮದುಮಗಳನ್ನು ನಾನೇ ವಾಪಸ್ಸು ಕಳಿಸಿದ್ದೇನೆ. ಈ ಕೆಲಸಕ್ಕೆ ನೀನು ಇಳಿದದ್ದು ನನ್ನ ಆ ಗೊಣಗಾಟ ಕೇಳಿಯೇ ಇರಬೇಕು.

ವಕೀಲರ ಕಾಗದವನ್ನು ಮುದ್ರಿಸಿಕೊಂಡೆ. ಹಾರಾಲಂಪಿಗೆ ಕೊಡಲಿಲ್ಲ.

ಅದರ ಬದಲು ನಿನ್ನೆ ಸೆವ್ದಾ ಅಜ್ಜಿಯ ಮನೆಗೆ ಹೋದೆ. ಮೇಜಿನ ಮೇಲೆ ಹುರುಳಿ ಸುರಿದುಕೊಂಡು ಕಲ್ಲು ಆರಿಸುತ್ತಿದ್ದಳು. ನಾನೂ ಕೂತು ಆರಿಸಿದೆ. ನಿನ್ನ ಹಾಡು ಬಹಳ ದೊಡ್ಡದು ಅಜ್ಜಿ, ಸಂಗೀತ ಕಲಿಸುವವರು ಕೇಳುತ್ತಾರೆ, ಜಪಾನಿನಲ್ಲಿ ಕೂತವರೂ ಕೇಳುತ್ತಾರೆ ಎಂದೆ.

“ಯಾಕೆ, ಜಪಾನಿನೋರಿಗೆ ಅವರವರ ಗಂಡಂದಿರು ಸಾಯಲ್ವಾ?” ಎಂದಳು.

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

“ಮದ್ವೆದು ತಗೋ, ಕುಯ್ಲಿಂದು ತಗೋ, ಎಲ್ಲಾ ತಗೊಂಡ್ಹೋಗಿ ಯಾರಿಗ್ ಬೇಕಾದ್ರೂ ಕೊಡು, ನಾನು ಕೇಳಲ್ಲ. ಅವು ನಂಗೂ ಯಾರೋ ಕೊಟ್ಟಿದ್ದೇ. ಇದನ್ನ ಮಾತ್ರ ಹಾಡು ಅನ್ಬೇಡ. ನಾನು ಹಾಡಿಲ್ಲ. ಅವನ ಹತ್ರ ಮಾತಾಡಿದ್ದು. ಆವತ್ತು ಬೆಳಿಗ್ಗೆ ಜಗಳ ಆಡಿದ್ವಿ, ಸಿಟ್ಟಿಗೆ ಬುತ್ತಿ ಕಟ್ಟಿರ್ಲಿಲ್ಲ. ಹಸ್ಕೊಂಡೇ ಹೋದ. ಅದನ್ನ ಅವನಿಗೆ ಹೇಳ್ಬೇಕಿತ್ತು, ಹೇಳ್ದೆ. ಆ ಹುಡುಗ ಬಾಗಿಲ ಹಿಂದೆ ನಿಂತಿದ್ರೆ ನಾನೇನ್ ಮಾಡ್ಲಿ?”

ಆಮೇಲೆ ನಾವಿಬ್ಬರೂ ಹುರುಳಿ ಆರಿಸಿ ಮುಗಿಸಿದೆವು. ನಾನು ಮತ್ತೆ ಕೇಳಲಿಲ್ಲ.

ಈಗ ಹೇಳಲೇಬೇಕಾದದ್ದು. ಸೋಮವಾರ ನಾನು ಎದ್ದು ನಿಂತು ನಿನ್ನ ಕರಡಿಗೆ ಒಂದು ವಾಕ್ಯ ಸೇರಿಸಬೇಕೆಂದು ಕೇಳುತ್ತೇನೆ: ದನಿಯವರು ಬದುಕಿದ್ದರೆ, ಅವರನ್ನು ಕೇಳಬೇಕು. ಇಷ್ಟೇ. ಮೊಮ್ಮಕ್ಕಳನ್ನಲ್ಲ, ನಿರ್ದೇಶಕರನ್ನಲ್ಲ, ದನಿಯವರನ್ನು. ನಿನ್ನ ಸಂಘದವರು ಈ ವಾಕ್ಯವಿದ್ದರೆ ನಮ್ಮ ಊರಿನ ಹೆಸರನ್ನು ಪಟ್ಟಿಯಿಂದ ಕೈಬಿಡಬಹುದು. ನಿನ್ನ ವರ್ಷದ ಓಡಾಟ ನಿನ್ನ ಹುಟ್ಟೂರಿನಲ್ಲೇ, ನಿನ್ನ ತಾಯಿಯ ಬಾಯಿಂದಲೇ ನಿಂತಿತು ಎಂದು ಅಲ್ಲಿ ಮಾತಾಗಬಹುದು. ಅದೆಲ್ಲ ಯೋಚಿಸಿದ್ದೇನೆ. ಸಭೆಯಲ್ಲಿ ನಿನಗೆ ಗೊತ್ತಾಗುವುದು ಬೇಡವೆಂದು ಮೊದಲೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ವಾದ ಮಾಡುತ್ತೀಯ, ನಾನು ಸೋಲುತ್ತೇನೆ. ನೀನು ಚೆನ್ನಾಗಿ ವಾದ ಮಾಡುತ್ತೀಯ.

ತೆರೆದಿಡುವುದರಲ್ಲಿ ನನಗೆ ನಂಬಿಕೆ ಹೋಗಿಲ್ಲ, ದೆನಿ. ಬೀರು ಪೂರ್ತಿ ಖಾಲಿಯಾಗಲಿ ಎಂದೇ ಈಗಲೂ ಆಸೆ. ಆದರೆ ಅದರೊಳಗೆ ಒಬ್ಬಳು ಕೂತು ಯಾರ ಜೊತೆಗೋ ಮಾತಾಡುತ್ತಿರುವಾಗ ಬಾಗಿಲು ತೆಗೆಯುವ ಮುಂಚೆ ಕೆಮ್ಮುವುದಾದರೂ ಬೇಡವೇ?

ಇಲ್ಲಿ ಚಳಿ ಶುರುವಾಗಿದೆ. ಒಲೆಯ ಹೊಗೆಕೊಳವೆ ಕಟ್ಟಿಕೊಂಡಿತ್ತು, ತೆಗೆಸಿದೆ. ಬೊಯಾನ್ ಕೈಲಿ ಹುರುಳಿ ಕಳಿಸಿದ್ದೇನೆ, ಕಲ್ಲು ಆರಿಸಿದ್ದು. ಕೋಪವಿದ್ದರೂ ಬೇಯಿಸಿಕೊಂಡು ತಿನ್ನು.

ನಿನ್ನ ಎದುರು ಪಕ್ಷದವಳಾದ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಬಾಗಿಲು ಬಡಿದ ಸದ್ದಾಯಿತು, ಅದಕ್ಕೇ ಮತ್ತೆ ತೆರೆದು ಬರೆಯುತ್ತಿದ್ದೇನೆ. ಬಂದವಳು ಸೆವ್ದಾ ಅಜ್ಜಿ. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಹಾಲಿನ ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು: “ಯೋಚ್ನೆ ಮಾಡ್ದೆ. ಆವಾಗ ನನ್ನ ಗಂಟ್ಲು ಚೆನ್ನಾಗಿತ್ತು ಕಣೆ. ಈಗ ಊರಲ್ಲಿ ಅಳೋಕೆ ಬರೋರು ಯಾರಿದ್ದಾರೆ? ಶಿನಾಗೆ ಉಬ್ಬಸ. ಮಿಕ್ಕೋರು ಬರೀ ಮೂಗು ಸೀಟ್ತಾರೆ. ನಾನು ಹೋದ ದಿನ ಆ ಟೇಪನ್ನೇ ಹಾಕ್ಬಿಡು, ಹೆಣ ಮನೇಲಿರೋವಾಗ, ಹೊರಗಲ್ಲ. ಆಮೇಲೆ ಅದು ಎಲ್ಲಿಗ್ ಬೇಕಾದ್ರೂ ಹೋಗ್ಲಿ, ಹಾರಾಲಂಪಿಗೆ ಹಾಗೇ ಹೇಳು. ಒಂದೇ ಒಂದು ಕೇಳು ನಿನ್ನ ಮಗಳನ್ನ. ವಾಲ್ಚೊ, ವಾಲ್ಚೊ ಅಂತ ಬರತ್ತಲ್ಲ, ಅಲ್ಲೆಲ್ಲ ಸೆವ್ದಾ ಅಂತ ಮಾಡೋಕಾಗತ್ತಾ?”