ಎಡಕ್ಕೆ ಬೀಳುವ ಹೊಲಿಗೆ

ಪುಂತಾ ಅರೇನಾಸ್,
ನವೆಂಬರ್ 9, ಭಾನುವಾರ

ನನ್ನ ಮುದ್ದು ಯಾಸ್ನಾ,

ಸದಾ ಫೋನ್ ಮಾಡುವ ಅಮ್ಮ ಈಗೇಕೆ ಕಾಗದ ಬರೆದಳು ಎಂದು ಆಂತೊಫಗಾಸ್ತಾದ ಬಿಸಿಲಿನಲ್ಲಿ ಕೂತು ಯೋಚಿಸುತ್ತೀಯೇನೋ. ಫೋನ್ ಹಿಡಿದರೆ ನನ್ನ ಬಾಯಿ ತಾನಾಗಿ "ಎಲ್ಲಾ ಚೆನ್ನಾಗಿದೆ ಮಗಳೇ" ಅಂದುಬಿಡುತ್ತದೆ. ಕಾಗದದ ಮೇಲೆ ಹಾಗೆ ಬರೆಯಲು ಕೈ ಏಳುವುದಿಲ್ಲ. ಅಪ್ಪ ಚೆನ್ನಾಗಿಲ್ಲ. ಹೋದ ತಿಂಗಳಿನಿಂದ ಆಸ್ಪತ್ರೆಯಲ್ಲಿದ್ದಾರೆ.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿದಾಗ ನೀನು ಬಂದು ಉಪಚರಿಸಿ ಹೋದೆಯಲ್ಲ, ಅದಾದ ಮೇಲೆ ಬೇಜಾರು ಕಳೆಯಲೆಂದು ನಾನೊಂದು ಕ್ರಾಸ್ ಸ್ಟಿಚ್ ಕಿಟ್ ತಂದಿದ್ದೆ. ಚೌಕಳಿ ಬಟ್ಟೆ, ಸೂಜಿ, ಬಣ್ಣದ ದಾರ, ಯಾವ ಚೌಕಕ್ಕೆ ಯಾವ ಬಣ್ಣ ಎನ್ನುವ ನಕ್ಷೆ. ನಾನು ಬೆಳಿಗ್ಗೆ ಬ್ರೆಡ್ ತರಲು ಹೋಗಿ ಬರುವಷ್ಟರಲ್ಲಿ ಅಪ್ಪ ಅದನ್ನು ಬಿಚ್ಚಿ ಕೂತಿದ್ದರು. ಬಲಗೈ ಬಿದ್ದುಹೋಗಿತ್ತಲ್ಲ, ಎಡಗೈಯಲ್ಲೇ ಸೂಜಿ ಹಿಡಿದಿದ್ದರು. ಮುಖ ಮಾತ್ರ ಹಡಗಿನ ತಗಡಿಗೆ ಬೆಸುಗೆ ಹಾಕುವಾಗ ಇರುತ್ತಿತ್ತಲ್ಲ, ಹಾಗೆಯೇ.

ಸಂಜೆ ಇಸ್ಪೀಟಾಡಲು ಬಂದ ಎಲಿಸೆಯೊ ಮಾಮ ಬಾಗಿಲಲ್ಲೇ ನಿಂತು ನಕ್ಕ. "ಏನಪ್ಪಾ ದ್ರಾಗೊ, ಮದುವೆ ಯಾವಾಗ? ಗಂಡಿನ ಕಡೆಯವರು ಬಂದು ನೋಡ್ಕೊಂಡು ಹೋದ್ರಾ?"

"ನಿನ್ನ ಬಾಯಿ ಹೊಲಿಯೋಕೆ ಅಭ್ಯಾಸ ಮಾಡ್ತಿದೀನಿ. ಬಾ, ಕೂತ್ಕೋ" ಅಂದರು ಅಪ್ಪ.

ಮೊದಲನೆಯದು ದೀಪಸ್ತಂಭ. ಆಮೇಲೆ ಬುಟ್ಟಿಯೊಳಗಿನ ಬೆಕ್ಕುಗಳು, ಹೂಕುಂಡ, ಹಿಮದ ಊರು. ಒಂದು ಮುಗಿದರೆ ಅದೇ ದಿನ ಇನ್ನೊಂದು ಬೇಕು. ಈ ಕಿಟ್‌ಗಳಿಲ್ಲದಿದ್ದರೆ ಆ ಬೇಸಿಗೆ ನಾವಿಬ್ಬರೂ ಬದುಕುತ್ತಿರಲಿಲ್ಲ ಮಗಳೇ.

ಜೂನ್ ಚಳಿಗಾಲಕ್ಕೆ ಅವರ ಎಣಿಕೆ ತಪ್ಪತೊಡಗಿತು. ಹಾಯಿದೋಣಿಯ ಚಿತ್ರದಲ್ಲಿ ಸಮುದ್ರದ ಹಸಿರು ಆಕಾಶಕ್ಕೆ ಏರಿತ್ತು. ಅವರಿಗೆ ಅದು ಕಾಣಲೇ ಇಲ್ಲ. "ನೋಡೇ, ಹೇಗಿದೆ?" ಎಂದು ಎತ್ತಿ ಹಿಡಿದರು. ತುಂಬಾ ಚೆನ್ನಾಗಿದೆ ಅಂದೆ. ತಲೆಯೊಳಗಿನ ಸಣ್ಣ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು ಅದೇ ವಾರ.

ಮಧ್ಯಾಹ್ನದ ಊಟವಾಗಿ ಅವರು ಮಲಗಿದಾಗ ನಾನು ಕಿಟಕಿಯ ಬಳಿ ಕೂತು ತಪ್ಪಿದ್ದನ್ನೆಲ್ಲ ಬಿಚ್ಚುತ್ತಿದ್ದೆ, ಮತ್ತೆ ಸರಿಯಾಗಿ ಹೊಲಿಯುತ್ತಿದ್ದೆ. ನಿತ್ಯವೂ ಅದೇ ಕೆಲಸವಾಯಿತು. ನಿನಗೆ ಕಳಿಸಿದ ಫೋಟೋಗಳೆಲ್ಲ ಹೀಗೆ ತಿದ್ದಿದವು. "ಅಪ್ಪನ ಕೈ ಎಷ್ಟು ಚೆನ್ನಾಗಿ ಓಡ್ತಿದೆಯಲ್ಲಮ್ಮಾ! ಹಾಗಾದ್ರೆ ಜುಲೈ ರಜಕ್ಕೆ ಬರಲ್ಲ, ಡಿಸೆಂಬರ್ ಬೇಸಿಗೆಗೇ ಬರ್ತೀನಿ" ಅಂದೆ ನೀನು. ಹಾಗೇ ಮಾಡು ಅಂದೆ ನಾನು. ಜುಲೈನಲ್ಲಿ ಅವರು ಇನ್ನೂ ನಿನ್ನ ಹೆಸರು ಹಿಡಿದು ವಿಚಾರಿಸುತ್ತಿದ್ದರು ಯಾಸ್ನಾ.

ಆಗಸ್ಟ್‌ನಲ್ಲಿ ಒಂದು ಸಂಜೆ ಎಲಿಸೆಯೊ ಹಾಯಿದೋಣಿಯನ್ನು ಹೊಗಳಿದ. ಅಪ್ಪ ಬಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನನ್ನ ಕೆಲಸ ಅಲ್ಲ. ನಾನೀಗ ಎಡಗೈಯೋನು, ಕತ್ತರಿಯ ಎರಡು ಹೊಲಿಗೆಯಲ್ಲಿ ನನ್ನ ಮೇಲಿನದು ಎಡಕ್ಕೆ ಬೀಳುತ್ತೆ. ಇದು ಬಲಕ್ಕೆ ಬಿದ್ದಿದೆ."

ನಾನು ಎದ್ದು ಒಲೆಗೆ ಸೌದೆ ಹಾಕಿದೆ. ಎಲಿಸೆಯೊ ಕಾರ್ಡು ಕಲಸುತ್ತಾ ಕೂತ.

"ಯಾರ ಮುಂದೆ ನಾಚಿಕೆ ನಿಂಗೆ?" ಎಂದು ಅಪ್ಪ ಕೂಗಿದರು. "ತಪ್ಪಾದ್ರೆ ತಪ್ಪಾಗಿರ್ಲಿ. ಅದು ನಂದು ಕಣೇ! ನಂದು ಅಂತ ಇನ್ನೇನಿದೆ ಇಲ್ಲಿ?"

ಮದುವೆಯಾದಾಗಿನಿಂದ ಅವರು ನನ್ನ ಮೇಲೆ ಹಾಗೆ ಕೂಗಿದ್ದಿಲ್ಲ. ಆಮೇಲೆ ನಾನು ಆ ಬಟ್ಟೆಗಳನ್ನು ಮುಟ್ಟಲಿಲ್ಲ. ಅವರು ನಕ್ಷೆಯನ್ನೇ ಬಿಟ್ಟರು. ಎರಡು ಹಂಸಗಳಿರಬೇಕಾದ ಕಡೆ ಬರೀ ನೀಲಿ ಕತ್ತರಿ ಗುರುತುಗಳು, ಸಾಲಿನ ಮೇಲೆ ಸಾಲು. ನಾನು ಮಲಗುವ ಕೋಣೆಗೆ ಬಂದರೆ ಬಟ್ಟೆಯನ್ನು ದಿಂಬಿನ ಕೆಳಗೆ ತುರುಕುತ್ತಿದ್ದರು.

ಅಕ್ಟೋಬರಿನಲ್ಲಿ, ನಡೆಯುವವರು ಹಿಡಿದುಕೊಳ್ಳಲೆಂದು ಬೀದಿಗಳಿಗೆ ಹಗ್ಗ ಕಟ್ಟುವಷ್ಟು ಗಾಳಿಯಿದ್ದ ಒಂದು ಮಧ್ಯಾಹ್ನ, ನಾನು ಹಿತ್ತಲಲ್ಲಿ ಸೌದೆ ಆಯುತ್ತಿದ್ದೆ. ಒಳಗೆ ಬಂದಾಗ ಅವರಿರಲಿಲ್ಲ. ಕೋಟು ಮೊಳೆಯಲ್ಲೇ ನೇತಾಡುತ್ತಿತ್ತು. ನಾನೂ ಎಲಿಸೆಯೊನೂ ಬೀದಿ ಬೀದಿ ಹುಡುಕಿದೆವು. ಕೊನೆಗೆ ಅವನಿಗೇ ಸಿಕ್ಕರು. ಕಡಲದಂಡೆಗೆ ಇಳಿಯುವ ತಿರುವಿನಲ್ಲಿ ಬರೀ ಅಂಗಿಯಲ್ಲಿ, ಎಡತೋಳಿನಿಂದ ಹಗ್ಗ ತಬ್ಬಿಕೊಂಡು ನಿಂತಿದ್ದರಂತೆ.

"ಎಲ್ಲಿಗೆ ಹೊರಟಿದ್ಯೋ ಮಾರಾಯಾ?" ಎಂದು ಅವನು ಕೇಳಿದನಂತೆ.

"ನೀಲಿ ದಾರ ಮುಗೀತು."

ಆ ಚಳಿ ಎದೆಗಿಳಿದು ನ್ಯುಮೋನಿಯಾ ಆಯಿತು. ಜ್ವರ ಇಳಿದಿದೆ. ಆದರೆ ಜ್ವರದ ಜೊತೆ ನಾನೂ ಅವರ ತಲೆಯಿಂದ ಇಳಿದುಹೋದೆ. ನನ್ನನ್ನು ಮೇಡಂ ಅನ್ನುತ್ತಾರೆ, ಸೂಪು ಕುಡಿಸಿದರೆ ಥ್ಯಾಂಕ್ಸ್ ಹೇಳುತ್ತಾರೆ. ಎಷ್ಟು ಮರ್ಯಾದೆ ಅಂತೀಯ! ಮೊನ್ನೆ ನನ್ನ ಕೈ ಹಿಡಿದು, ಆಸ್ಪತ್ರೆಯಲ್ಲೂ ದಿಂಬಿನ ಕೆಳಗೇ ಇಟ್ಟುಕೊಂಡಿರುವ ಆ ನೀಲಿ ಬಟ್ಟೆ ತೋರಿಸಿ, ಗುಟ್ಟಾಗಿ ಹೇಳಿದರು: "ಮೇಡಂ, ಇದು ಇಲ್ಲಿದೆ ಅಂತ ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ. ಒಳ್ಳೇವಳೇ. ಆದ್ರೆ ಎಲ್ಲಾ ಬಿಚ್ಚಿಹಾಕ್ತಾಳೆ."

ಹೇಳಲ್ಲ ಎಂದು ಮಾತು ಕೊಟ್ಟೆ.

ಬೇಸಿಗೆಗೆ ಕಾಯಬೇಡ, ಬಾ. ನಿನ್ನ ಗುರುತು ಹಿಡಿಯುತ್ತಾರೆ ಎಂದು ಆಸೆ ಹುಟ್ಟಿಸಲಾರೆ, ಆ ಫೋಟೋಗಳಿಂದ ಹುಟ್ಟಿಸಿದ್ದೇ ಸಾಕು. ಯಾರು ನೀವು ಎಂದು ಅವರು ಕೇಳಿದರೆ ಅಳಬೇಡ. ಹತ್ತಿರ ಕೂತು ಸೂಜಿಗೆ ದಾರ ಪೋಣಿಸಿ ಕೊಡು, ಅದೊಂದು ಈಗ ಅವರಿಂದ ಆಗುವುದಿಲ್ಲ. ನನ್ನ ಕೈಯಿಂದ ಸೂಜಿ ತೆಗೆದುಕೊಳ್ಳುವಾಗ ಒಂದು ಕ್ಷಣ ಅನುಮಾನಿಸುತ್ತಾರೆ, ಯಾಕೋ ಗೊತ್ತಿಲ್ಲ. ನಿನ್ನ ಕೈಯಿಂದಾದರೆ ತೆಗೆದುಕೊಂಡಾರು.

ನಿನ್ನನ್ನು ನೋಡಲು ಕಾದಿರುವ,
ಅಮ್ಮ
ದಾನಿತ್ಸಾ

ತಾ.ಕ.: ಈ ಕಾಗದದ ಜೊತೆಗಿರುವುದು ಆ ನೀಲಿ ಬಟ್ಟೆಯೇ. ನಿನ್ನೆ ಅಪ್ಪ ಅದನ್ನು ನನ್ನ ಕೈಲಿಟ್ಟು, "ನೀವು ನಂಬಿಕಸ್ತರ ಥರ ಕಾಣ್ತೀರಿ ಮೇಡಂ, ಜೋಪಾನವಾಗಿ ಇಟ್ಕೊಳ್ಳಿ" ಅಂದರು. ಮನೆಗೆ ತಂದು ಕಿಟಕಿಯ ಬಳಿ ಕೂತಿದ್ದೊಂದು ನೆನಪು. ಎಚ್ಚರವಾದಾಗ ಕೈಯಲ್ಲಿ ಕತ್ತರಿ ಇತ್ತು, ಮಡಿಲ ತುಂಬ ನೀಲಿ ದಾರದ ಚೂರು. ಕೆಳಗಿನ ಮೂಲೆಯಲ್ಲಿ ಖಾಲಿ ಉಳಿದಿದೆಯಲ್ಲ, ಅದು ಅಪ್ಪ ಬಿಟ್ಟದ್ದಲ್ಲ. ಇದನ್ನು ನಿನ್ನ ಹತ್ತಿರವೇ ಇಟ್ಟುಕೋ. ನಾನು ಕೇಳಿದರೂ ಕೊಡಬೇಡ.