ಸುಟ್ಟ ಕೊಬ್ಬರಿಗೆ ಬಿದ್ದ ಅಪರೂಪದ ಇಲಿ

ಸೀತತ್ತೆಗೆ ನಮಸ್ಕಾರ.

ನಿಮ್ಮ ಇಲಿಬೋನಿನ ವಿದ್ಯೆ ಕೊನೆಗೂ ಸಮುದ್ರ ದಾಟಿತು! ಮಲೇಷ್ಯಾದ ಈ ದ್ವೀಪ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ, ಇನ್ನೇನು ಅಳಿದೇಹೋಗಲಿರುವ ಇಲಿಯೊಂದನ್ನು ಉಳಿಸಲು ನಮ್ಮ ಯೂನಿವರ್ಸಿಟಿಯವರು ಬಂದಿದ್ದೇವೆ. ಪ್ರೊಫೆಸರು ತರಿಸಿದ ಫಾರಿನ್ ತಿಂಡಿಯನ್ನು ಅದು ಮೂಸಿಯೂ ನೋಡಲಿಲ್ಲ. ನಾನು ನಿಮ್ಮ ಹಾಗೆ ಕೊಬ್ಬರಿ ಸುಟ್ಟು ಸಿಕ್ಕಿಸಿದೆ. ಬೆಳಿಗ್ಗೆ ನೋಡಿದರೆ ಬೋನಿನೊಳಗಿತ್ತು. ಎಲ್ಲರೂ ಸಂತೋಷದಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಮನೆಯ ಅಭ್ಯಾಸದಿಂದ, “ಬಕೆಟ್‌ನಲ್ಲಿ ಮುಳುಗಿಸ್ಲಾ?” ಅಂದುಬಿಟ್ಟೆ. ಸದ್ಯ, ಕನ್ನಡದಲ್ಲಿ ಅಂದೆ. ಈಗ ಅದಕ್ಕೆ ತೂಕ, ಫೋಟೊ, ಪಪ್ಪಾಯಿಯ ಉಪಚಾರ. ನಾಳೆ ಕಾಡಿಗೆ ವಾಪಸು.

ಟಪಾಲಿನ ದೋಣಿ ಹೊರಡುತ್ತಿದೆ, ಮುಗಿಸುತ್ತೇನೆ. ನನಗೆ ಎರಡು ದಿನದಿಂದ ಜ್ವರ. ಗಾಬರಿಯಾಗಬೇಡಿ, ಪೇಟೆಯಿಂದ ಡಾಕ್ಟರು ಬಂದಿದ್ದರು. ಇಲಿಯನ್ನು ನೋಡಿಕೊಂಡು ಹೋದರು.

ನಿಹಾರಿಕಾ